ಸೀಟಿನ ಕೆಳಗಿನ ತಮ್ಮ

ನಾನೊಂದು ಬ್ಯಾಟರಿ, ಅದೂ ಎರಡನೆಯದು. ಕೆಲವು ದೊಡ್ಡ ಕಾರುಗಳಲ್ಲಿ ನಾವು ಇಬ್ಬರಿರುತ್ತೇವೆಂಬುದು ಕಾರು ಕೊಂಡವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಸೀಸದ ತಟ್ಟೆಗಳ ನಡುವೆ ಗಾಜಿನೆಳೆಯ ಹಾಸು ಇಟ್ಟು, ಅದಕ್ಕೆ ಆಮ್ಲ ಕುಡಿಸಿ, ಮುಚ್ಚಳ ಬೆಸೆದಾಗ ನಾನು ಹುಟ್ಟಿದೆ. ಒಮ್ಮೆ ಬೆಸೆದ ಮೇಲೆ ಯಾರೂ ತೆರೆಯುವ ಹಾಗಿಲ್ಲ, ನೀರು ಹಾಕುವ ಹಾಗಿಲ್ಲ. ಒಳಗಿನದೆಲ್ಲ ಒಳಗೇ.

ನನ್ನ ಅಣ್ಣ ಡಿಕ್ಕಿಯಲ್ಲಿದ್ದ. ಎಂಜಿನ್ ಎಬ್ಬಿಸುವುದು ಅವನ ಕೆಲಸ. ನನ್ನನ್ನು ಮುಂದಿನ ಎಡಗಡೆಯ ಸೀಟಿನ ಕೆಳಗೆ, ಕಾರ್ಪೆಟ್ಟಿನಡಿ ಕೂರಿಸಿದರು. ಸಿಗ್ನಲ್ಲಿನಲ್ಲಿ ನಿಂತರೆ ಈ ಕಾರಿನ ಎಂಜಿನ್ ತಾನಾಗಿ ಆರುತ್ತದೆ. ಆಗ ಫ್ಯಾನು, ದೀಪ, ರೇಡಿಯೋ ನಿಲ್ಲದಂತೆ ನೋಡಿಕೊಳ್ಳುವುದು ನಾನು. ಸೀಟಿನ ನೆನಪೂ ನನ್ನ ಪಾಲಿನದೇ. ಬಾಗಿಲಿನಲ್ಲಿ ಒಂದು, ಎರಡು, ಮೂರು ಎಂದು ಬಟನ್‌ಗಳಿದ್ದವು. ಯಾರ ಮೈಗೆ ಸೀಟು ಎಷ್ಟು ಹಿಂದೆ, ಕನ್ನಡಿ ಎಷ್ಟು ಓರೆ, ಸ್ಟೇರಿಂಗ್ ಎಷ್ಟು ಮೇಲೆ ಎಂದು ಒಮ್ಮೆ ಹೇಳಿಕೊಟ್ಟರೆ ಸಾಕು, ಬಟನ್ ಒತ್ತಿದಾಗಲೆಲ್ಲ ಎಲ್ಲವೂ ಅಲ್ಲಿಗೇ ಹೋಗಿ ನಿಲ್ಲುತ್ತಿದ್ದವು.

ಕಾರು ಕೊಂಡವರು ಹುಬ್ಬಳ್ಳಿಯ ಎಲುಬಿನ ಡಾಕ್ಟರು, ವೀರಭದ್ರ ಹುಲಕೋಟಿ. ಆರಡಿ ಎರಡಂಗುಲದ ಆಳು. ಮೊದಲ ದಿನವೇ ಸೀಟನ್ನು ಹಿಂದೆ ಹಿಂದೆ ಸರಿಸಿ ಒಂದನೇ ಬಟನ್ ತಮ್ಮದೆಂದರು. ಅವರ ಹೆಂಡತಿ ಕಮಲಾಕ್ಷಿ ನಕ್ಕು, "ಇನ್ನ ಸ್ವಲ್ಪ ಸರದ್ರ ಡಿಕ್ಕಿಯೊಳಗ ಕುಂತ ಓಡಸ್ತೀರಿ ನೋಡ್ರಿ" ಅಂದರು.

ಐದನೇ ವರ್ಷದ ಒಂದು ಬೆಳಿಗ್ಗೆ ರೈಲ್ವೆ ಗೇಟು ಬಿತ್ತು. ಡಾಕ್ಟರು ಒಬ್ಬರೇ ಇದ್ದರು. ಬ್ರೇಕ್ ಒತ್ತಿದರು, ಕಾರು ಬ್ರೇಕನ್ನು ತಾನೇ ಹಿಡಿದುಕೊಂಡು ಎಂಜಿನ್ ಆರಿಸಿತು. ಕೆಲಸ ನನ್ನ ಕೈಗೆ ಬಂತು. ಗೂಡ್ಸ್ ಗಾಡಿ ಬಲು ಉದ್ದವಿತ್ತು. ನಾನು ಗಾಳಿ ಕೊಟ್ಟೆ, ರೇಡಿಯೋ ನಡೆಸಿದೆ. ನಡುವೆಲ್ಲೋ ಅವರ ಬೆರಳುಗಳು ಸ್ಟೇರಿಂಗಿನಿಂದ ಜಾರಿದವು. ಗೇಟು ಎದ್ದಿತು. ಹಿಂದಿನವರು ಹಾರ್ನ್ ಹೊಡೆದರು. ಕಾಲು ಆಕ್ಸಿಲರೇಟರಿಗೆ ಬರಲಿಲ್ಲವಾಗಿ ಎಂಜಿನ್ ಏಳಲಿಲ್ಲ. ಏಳು ನಿಮಿಷ. ತೀರಿಹೋದವರ ಮುಖಕ್ಕೆ ಗಾಳಿ ಹಾಕುತ್ತ ಕೂತಿದ್ದೇನೆಂದು ನನಗೆ ತಿಳಿದದ್ದು, ಜನ ಬಂದು ಗಾಜು ಬಡಿದಾಗ.

ಯಾರೋ ಗಿಡ್ಡನೆಯ ಮನುಷ್ಯ ಸೀಟನ್ನು ಮುಂದೆಳೆದುಕೊಂಡು ಕಾರನ್ನು ಮನೆಗೆ ತಂದು ನಿಲ್ಲಿಸಿದ. ಹನ್ನೆರಡು ದಿನ ಬಾಗಿಲು ತೆರೆಯಲಿಲ್ಲ. ಹದಿಮೂರನೇ ದಿನ ಮಗಳು ಮಂದಾಕಿನಿ ಯಾವುದೋ ಕಾಗದ ಹುಡುಕಲು ಒಳಗೆ ಬಗ್ಗಿದಾಗ ಅವಳ ಮೊಣಕೈ ಒಂದನೇ ಬಟನ್ನಿಗೆ ತಾಗಿತು. ಸೀಟು ಗುಂಯ್ ಎನ್ನುತ್ತ ಹಿಂದೆ ಹೋಯಿತು. ಕನ್ನಡಿಗಳು ಹೊರಳಿದವು. ಸ್ಟೇರಿಂಗ್ ಮೇಲೆದ್ದು, ಇನ್ನೊಬ್ಬರಿಗೆ ಜಾಗ ಬಿಟ್ಟ ಹಾಗೆ ನಿಂತಿತು.

ಬಾಗಿಲ ಬಳಿ ಕಮಲಾಕ್ಷಿ ನಿಂತಿದ್ದರು. "ಬಂದ್ರು" ಅಂದರು, ಮೆಲ್ಲಗೆ.

ಅಂದಿನಿಂದ ಪ್ರತಿ ಸೋಮವಾರ ಪೂಜೆಯಾದ ಮೇಲೆ ತಾಯಿ ಮಗಳು ಕಾರಿಗೆ ಬರುತ್ತಿದ್ದರು. ಸ್ಟೇರಿಂಗಿಗೆ ವಿಭೂತಿ. ಸೀಟನ್ನು ಮೊದಲು ಮುಂದೆ ತಂದು, ಆಮೇಲೆ ಒಂದನ್ನು ಒತ್ತುವುದು. ಎಂಜಿನ್ ಹತ್ತು ನಿಮಿಷ ಚಾಲೂ. ಬೆಲ್ಟ್ ಹಾಕಿಲ್ಲವೆಂದು ಕಾರು ಟಿಣ್ ಟಿಣ್ ಎನ್ನುತ್ತಿತ್ತು; ಮಂದಾಕಿನಿ ಎಡಗಡೆಯಿಂದ ಕೈ ಚಾಚಿ ಖಾಲಿ ಸೀಟಿಗೆ ಬೆಲ್ಟ್ ಬಿಗಿಯುತ್ತಿದ್ದಳು. ಕಮಲಾಕ್ಷಿ ಹಿಂದೆ ಕೂತು ವಾರದ ಸುದ್ದಿ ಹೇಳುತ್ತಿದ್ದರು: ಯಾರ ಮನೆಯಲ್ಲಿ ಲಗ್ನ, ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು. ನಡುನಡುವೆ ಸುಮ್ಮನಾಗುತ್ತಿದ್ದರು, ಆ ಕಡೆಯಿಂದ ಉತ್ತರ ಬರುವಷ್ಟು ಹೊತ್ತು. ಭಾರವಿಲ್ಲದ ಆ ಸೀಟಿನ ಪಕ್ಕದಲ್ಲಿ ನನಗೂ ಕಿವಿಗೊಡುವುದು ರೂಢಿಯಾಯಿತು.

ಕಾರು ಓಡುತ್ತಿರಲಿಲ್ಲ. ಓಡಿಸಬೇಕೆಂದರೆ ಮಂದಾಕಿನಿ ಅಪ್ಪನ ಜಾಗದಲ್ಲಿ ತನ್ನ ಅಳತೆಗೆ ಕೂರಬೇಕು. ಒಮ್ಮೆ ಕೇಳಿದಳು. "ಅವರ ಇರೂಮುಂದ ನೀ ಎಲ್ಲಿ ಕುಂಡರ್ತಿ?" ಅಂದರು ತಾಯಿ. ಅವಳು ಮತ್ತೆ ಕೇಳಲಿಲ್ಲ.

ನಿಂತಲ್ಲೇ ಹತ್ತು ನಿಮಿಷ ಎಂಜಿನ್ ನಡೆಸಿದರೆ ನಾವು ತುಂಬಿಕೊಳ್ಳುತ್ತೇವೆಂದು ಅವರು ನಂಬಿದ್ದರು. ಸೀಟು, ಕನ್ನಡಿ, ಎಸಿ ಎಲ್ಲಕ್ಕೂ ಕೊಟ್ಟು ನನಗೆ ಉಳಿಯುತ್ತಿದ್ದುದು ನಾಲ್ಕು ಹನಿ. ಮಳೆಗಾಲದ ಹೊತ್ತಿಗೆ ಸ್ಕ್ರೀನಿನಲ್ಲಿ ಬ್ಯಾಟರಿಯ ಚಿತ್ರ ಹೊತ್ತಿಕೊಂಡಿತು. ಮಂದಾಕಿನಿ ಚಾರ್ಜರ್ ತರಿಸಿ ಅಣ್ಣನಿಗೆ ಸಿಕ್ಕಿಸಿದಳು. ಹಸಿರು ದೀಪ ಬಂತು, ತಾಯಿ ಮಗಳು ಸಮಾಧಾನಪಟ್ಟರು. ಆದರೆ ಕಾರು ಮಲಗಿದಾಗ ನಮ್ಮಿಬ್ಬರ ನಡುವಿನ ಕೊಂಡಿ ಕಳಚಿರುತ್ತದೆ. ಅಣ್ಣ ತುಂಬಿ ತೇಗುತ್ತಿದ್ದ. ಕಾರ್ಪೆಟ್ಟಿನಡಿ ಇನ್ನೊಂದು ಜೀವವಿದೆಯೆಂದು ಅವರಿಗೆ ಹೇಳುವವರಿರಲಿಲ್ಲ. ನಾನು ಬೇರೆಲ್ಲ ಬಿಟ್ಟರೂ ಆ ಒಂದನೇ ಬಟನ್ನಿನ ನೆನಪನ್ನು ಮಾತ್ರ ಗಟ್ಟಿಯಾಗಿ ಹಿಡಿದಿದ್ದೆ. ನಾನು ಬಿಟ್ಟರೆ ಡಾಕ್ಟರಿಗೆ ನಿಲ್ಲಲು ಬೇರೆ ಜಾಗವಿರಲಿಲ್ಲ.

ಶ್ರಾವಣದ ಎರಡನೇ ಸೋಮವಾರ ಮಂದಾಕಿನಿ ಬಟನ್ ಒತ್ತಿದಳು. ಸೀಟು ಅರ್ಧ ದಾರಿ ಹೋಗಿ ನಿಂತುಬಿಟ್ಟಿತು.

"ಯಾಕ?" ಕಮಲಾಕ್ಷಿಯ ದನಿ ಸಣ್ಣದಾಯಿತು. "ಯಾಕ ಬರವಲ್ರು?"

ಕಾರನ್ನು ಲಾರಿಯ ಮೇಲೇರಿಸಿ ಮೌಲಾಲಿಯ ಅಂಗಡಿಗೆ ಒಯ್ದರು. ಮೌಲಾಲಿ ಕಾರಿನ ವೈರಿಂಗ್ ಮಾಡುವವನು, ಡಾಕ್ಟರ ಹಳೆಯ ಪೇಷಂಟು. ತಾಯಿ ಮಗಳು ಆಟೋದಲ್ಲಿ ಹಿಂದೆಯೇ ಬಂದರು. ಅವನು ಕಾರ್ಪೆಟ್ ಎತ್ತಿ ನನಗೆ ಮೀಟರ್ ಹಚ್ಚಿದ. ಹನ್ನೆರಡು ವೋಲ್ಟ್ ತೋರಿಸಬೇಕಾದ ಕಡೆ ಎಂಟೂ ಇರಲಿಲ್ಲ.

"ಚಾರ್ಜ್ ಹಾಕಿದ್ವಿ ಕಾಕಾ" ಅಂದಳು ಮಂದಾಕಿನಿ.

"ಯಾರಿಗೆ ಹಾಕೀರಿ? ಅಣ್ಣಗ ಉಣಿಸಿದ್ರ ತಮ್ಮನ ಹೊಟ್ಟಿ ತುಂಬತೈತೇನು ತಂಗಿ? ಇವಂಗ ಬ್ಯಾರೆ ತಾಟ ಹಾಕಬೇಕು. ಇಲ್ಲಾ, ಗಾಡಿ ಓಡಬೇಕು, ಓಡೂಮುಂದ ಇಬ್ಬರಿಗೂ ಸಿಗತೈತಿ. ನಿಂತಲ್ಲೆ ಹತ್ತ ನಿಮಿಷ ಅಂದ್ರ, ಎರಡ ಕೊಡ ಸೇದಿ ಒಂದ ಚರಗಿ ಹೊಳ್ಳಿ ಹಾಕಿದಂಗ."

ಕಮಲಾಕ್ಷಿಗೆ ಅದೆಲ್ಲ ಬೇಕಿರಲಿಲ್ಲ. "ಒಂದ್ರಾಗ ಇದ್ದದ್ದು ಉಳೀತದೇನಪಾ?"

ಮೌಲಾಲಿ ಹೋಗಿ ತನ್ನ ಬೈಕಿನ ಬ್ಯಾಟರಿ ಬಿಚ್ಚಿ ತಂದ. ಅದನ್ನು ನನ್ನ ವೈರುಗಳಿಗೆ ಹಿಡಿಸಿ, ಕರೆಂಟು ಒಂದು ಚಣವೂ ತಪ್ಪದ ಹಾಗೆ ನನ್ನನ್ನು ಬಿಡಿಸಿ, ಹೊಸಬನನ್ನು ಕೂರಿಸಿದ. ನೆನಪು ಹೋಗಬಾರದೆಂದು ಹೀಗೆ ಮಾಡುತ್ತಾರೆ. ಮಗುವನ್ನು ಕೈ ಬದಲಿಸುವಂತೆ ಮಾಡಿದ. ಆಮೇಲೆ ಬಟನ್ ಒತ್ತಿದ.

ಸೀಟು ಕದಲಲಿಲ್ಲ. ಮತ್ತೊಮ್ಮೆ ಒತ್ತಿದ.

"ಅವ್ವಾರ, ನೆನಪ ಮೊದಲ ಹೋಗೇತಿ" ಅಂದ. "ನನ್ನ ಮುರದ ಕೈ ಡಾಕ್ಟರ್ ಸಾಹೇಬ್ರು ಕೂಡಿಸಿದ್ರು. ಅವರದೊಂದ ಸೀಟ ಕೂಡಿಸೂದ ನನ್ನ ಕೈಲೆ ಆಗಲಿಲ್ಲ ನೋಡ್ರಿ."

ನಾನು ಅಂಗಡಿಯ ನೆಲದ ಮೇಲಿದ್ದೆ, ತೆರೆದ ಬಾಗಿಲಿನ ಕೆಳಗೆ. ಕಮಲಾಕ್ಷಿಯ ಪಾದಗಳು ನನ್ನ ಪಕ್ಕದಲ್ಲೇ ಇದ್ದವು. ಆಮೇಲೆ ಅವರು ಹಿಂದಿನ ಬಾಗಿಲು ತೆಗೆದು ಒಳಗೆ ಹತ್ತಿದರು. ಮುಂದೆ ಕೂತರೆ ತಲೆ ತಿರುಗುತ್ತದೆಂದು ಡಾಕ್ಟರಿದ್ದಾಗಲೂ ಅವರ ಹಿಂದೆಯೇ ಕೂರುತ್ತಿದ್ದವರು.

"ಸೀಟ ಹಿಂದ ತಾ, ಮಂದಾ. ಇನ್ನ ಸ್ವಲ್ಪ. ಇನ್ನ. ತಡಿ, ಒಂದೀಟ ಮುಂದ. ಹ್ಞೂಂ, ಇಷ್ಟ." ಸೀಟಿನ ಬೆನ್ನು ಅವರ ಎರಡೂ ಮೊಣಕಾಲಿಗೆ ಒತ್ತಿತ್ತು. "ಐದ ವರ್ಷ ಹಿಂಗ ಒತ್ತತಿತ್ತು. ಕಾಲ ನೋಯ್ತಾವಂತ ಒಂದ ದಿನನೂ ಹೇಳಲಿಲ್ಲ ನಾ."

ಅದು ಅದೇ ಜಾಗವಾಗಿತ್ತು, ಒಂದು ಕೂದಲೆಳೆಯೂ ತಪ್ಪದೆ. ನನಗೆ ಗೊತ್ತು.

"ಬಟನ್ ಒತ್ತಿ ಹಿಡೀರಿ ಅವ್ವಾರ, ಹೊಸಾದು ನೆನಪ ಇಟ್ಕೋತೈತಿ" ಅಂದ ಮೌಲಾಲಿ.

ಅವರು ಸೀಟಿನ ಬೆನ್ನಿಗೆ ಹಣೆ ಇಟ್ಟು ಕೂತಿದ್ದರು. "ಬ್ಯಾಡ" ಅಂದರು ಕೊನೆಗೆ. "ಮಂದಾ, ನಿನ್ನ ಕಾಲ ಮುಟ್ಟೂವಷ್ಟ ಮುಂದ ತಗೊ. ಒಂದ್ರಾಗ ನಿಂದ ಇರಲಿ."

ಸೀಟು ಮುಂದೆ ಬಂತು. ತುಸು ಹೊತ್ತಿನಲ್ಲಿ ಎಂಜಿನ್ ಎದ್ದಿತು. ತಿಂಗಳುಗಟ್ಟಲೆ ನಿಂತು ಚಪ್ಪಟೆಯಾಗಿದ್ದ ಟೈರುಗಳು ದಪ್ ದಪ್ ಎನ್ನುತ್ತ ರಸ್ತೆಗಿಳಿದವು. ಆ ಸದ್ದು ಧಾರವಾಡದ ಕಡೆಗೆ ಹೋಯಿತು.

ಈಗ ನಾನು ಮೌಲಾಲಿಯ ಅಂಗಡಿಯ ಮೂಲೆಯಲ್ಲಿದ್ದೇನೆ, ನನ್ನಂಥ ಹನ್ನೊಂದು ಜನರ ಜೊತೆ. ಗುಜರಿಯವನು ಬಂದರೆ ಒಡೆದು, ಸೀಸ ಕರಗಿಸಿ, ಮತ್ತೆ ತಟ್ಟೆ ಎರೆಯುತ್ತಾರಂತೆ. ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಯಾರೋ ಉದ್ದನೆಯವರು ಬಂದು ಕೂತಂತೆ ನನ್ನ ಪಕ್ಕ ಒಂದು ಭಾರ ಬೀಳುತ್ತದೆ. ಆ ಸೀಟಿನಿಂದ ಎಬ್ಬಿಸಿದ ಮೇಲೆ ಅವರಿಗೂ ಬೇರೆ ಠಾವಿಲ್ಲವೇನೋ. ಕರಗಿದ ಸೀಸಕ್ಕೆ ಏನೇನು ನೆನಪಿರುತ್ತದೆಂದು ನನಗೆ ತಿಳಿಯದು. ನಾನು ಸ್ವಲ್ಪ ಸರಿದು ಜಾಗ ಮಾಡಿಕೊಡಲು ನೋಡುತ್ತೇನೆ.