ಆರನೆಯ ಕಾರ್ಬನ್

ಕೊಬ್ಬಿನ ಕಾರ್ಬನ್ ಸರಪಳಿಯಲ್ಲಿ ಜೋಡಿ ಬಂಧ ಎಲ್ಲಿದೆಯೆಂದು ಬರೀ ತೂಕದಿಂದ ತಿಳಿಯುವುದಿಲ್ಲ. ಓಝೋನ್ ಹಾಯಿಸಿದರೆ ಸರಪಳಿ ಕರಾರುವಾಕ್ಕಾಗಿ ಅಲ್ಲೇ ಮುರಿಯುತ್ತದೆ. ತುಂಡುಗಳನ್ನು ಯಂತ್ರ ತೂಗುತ್ತದೆ, ನಾನು ತಲೆಯ ಕಡೆಯಿಂದ ಎಣಿಸುತ್ತೇನೆ. ಇಲಿಯ ಲಿವರಿನ ಈ ಕೊಬ್ಬು ಒಂಬತ್ತನೆಯ ಕಾರ್ಬನ್ನಿನಲ್ಲಿ ಮುರಿಯುವುದು ವಾಡಿಕೆ. ನನ್ನ ಮಾದರಿ ಆರನೆಯದರಲ್ಲೂ ಮುರಿದಿತ್ತು; ಇಲಿಯ ಲಿವರಿನಲ್ಲಿ ಅದನ್ನು ಯಾರೂ ಕಂಡಿರಲಿಲ್ಲ.

"ಹೊಡೆದೆ ಕಣಮ್ಮ ಲಾಟರಿ!" ಎಂದರು ಲ್ಯಾಬ್ ನಡೆಸುವ ನಮ್ಮ ಮೇಷ್ಟ್ರು. ಶುಕ್ರವಾರವೇ ಸಂಶೋಧನಾ ಪತ್ರಿಕೆಗೆ ಲೇಖನ ಕಳಿಸುವುದೆಂದಾಯಿತು.

ಆದರೆ ಇಲಿಯ ಕೊಬ್ಬೇ ಇಲ್ಲದ, ಬರೀ ದ್ರಾವಕದ ಸೀಸೆಯಲ್ಲೂ ಅವೇ ತುಂಡುಗಳು ಬಂದವು. ಮೇಷ್ಟ್ರು ಹುಬ್ಬೇರಿಸಿದಾಗ ಹಿಂದೆಮುಂದೆ ನೋಡದೆ ಅಂದುಬಿಟ್ಟೆ: "ಸೀಸೆ ಸರಿಯಾಗಿ ತೊಳೆದಿಲ್ಲ ಸರ್."

ಹದಿನೆಂಟು ವರ್ಷದಿಂದ ಲ್ಯಾಬಿನ ಸೀಸೆ ತೊಳೆಯುತ್ತಿರುವ ಅಕ್ಕನನ್ನು ಮೇಷ್ಟ್ರು ಕರೆಸಿ ಎಲ್ಲರೆದುರು ಬೈದರು. ಅಕ್ಕ ಇನ್ನೂರು ಸೀಸೆಗಳನ್ನು ಮತ್ತೆ ತೊಳೆದುಕೊಟ್ಟರು.

ಅವುಗಳಲ್ಲೂ ಅದೇ ಆರು.

ಗುರುವಾರ ಬೆಳಿಗ್ಗೆ ಹಳೆಯ ಲೇಖನಗಳನ್ನು ಕೆದಕುವಾಗ ಸಿಕ್ಕಿತು: ಆರನೆಯ ಕಾರ್ಬನ್ನಿನಲ್ಲಿ ಮುರಿಯುವ ಆ ಕೊಬ್ಬು ಮನುಷ್ಯರ ಚರ್ಮದ ಜಿಡ್ಡಿನಲ್ಲಿ ಹೇರಳ. ನನ್ನ ಬಲಗೈ ನೋಡಿಕೊಂಡೆ. ಪುಟ್ಟ ಮುಚ್ಚಳಗಳು ಜಾರುತ್ತವೆಂದು ಆ ಕೈಯ ಗ್ಲೌಸ್ ಕಳಚಿಯೇ ಸೀಸೆ ಮುಚ್ಚುತ್ತಿದ್ದೆ. ಹಣೆಯ ಮೇಲಿನ ಕೂದಲು ಸರಿಸುತ್ತಿದ್ದದ್ದೂ ಅದೇ ಕೈ. ಗಾಜಿನ ಕಡ್ಡಿಯನ್ನು ಹಣೆಗೆ ಉಜ್ಜಿ, ದ್ರಾವಕದಲ್ಲಿ ಅದ್ದಿ, ಯಂತ್ರಕ್ಕೆ ಕೊಟ್ಟೆ. ಪರದೆಯ ಮೇಲೆ ಆರರ ತುಂಡುಗಳು ಗೋಪುರದಂತೆ ಎದ್ದವು.

ತೊಳೆಯುವ ಕೋಣೆಗೆ ಹೋದೆ.

"ಅಕ್ಕಾ, ಸೀಸೆ ಚೆನ್ನಾಗೇ ಇತ್ತು. ಅದು ನನ್ನ ಮುಖದ ಜಿಡ್ಡು."

ಅಕ್ಕ ನಲ್ಲಿ ನಿಲ್ಲಿಸಲಿಲ್ಲ. "ಇನ್ಮೇಲೆ ನಿಮ್ಮ ಮುಖಾನೂ ನಾನೇ ತೊಳೀಬೇಕೇನಮ್ಮ?"

"ತಪ್ಪಾಯ್ತು ಅಕ್ಕಾ."

"ಇಲ್ಲಿ ಪಿಸುಗುಟ್ಟಿದ್ರೆ ಏನು ಬಂತು? ಬೈಸಿದ್ದು ಹನ್ನೆರಡು ಜನರ ಮುಂದೆ."

"ಅಲ್ಲಿ ಹೇಳಿದ್ರೆ ಲೇಖನ ಬಿದ್ದುಹೋಗುತ್ತೆ..." ಎಂಥ ಮಾತು ಆಡಿದೆ! ಬಾಯಿಂದ ಜಾರಿದ್ದನ್ನು ನುಂಗಲಾಗಲಿಲ್ಲ.

ಅಕ್ಕ ಈಗ ನಲ್ಲಿ ನಿಲ್ಲಿಸಿದರು. "ಓಹೋ. ನನ್ನ ಮರ್ಯಾದೆ ಬಿದ್ದಾಗ ಸದ್ದು ಕೇಳಿಸಲಿಲ್ವಾ?"

ಹನ್ನೊಂದಕ್ಕೆ ಸಭೆ. ಮೇಷ್ಟ್ರು ಲೇಖನದ ಮೊದಲ ಪುಟವನ್ನು ಪ್ರೊಜೆಕ್ಟರಿನಿಂದ ಗೋಡೆಗೆ ಬಿಟ್ಟು, ನನ್ನ ಹೆಸರಿಗೆ ಬೆರಳಿಟ್ಟು ಬೀಗುತ್ತಿದ್ದರು. ಎದ್ದು ನಿಂತೆ.

"ಸರ್, ಒಂದು ನಿಮಿಷ. ಸೀಸೆ ತೊಳೆಯೋ ಅಕ್ಕನ್ನೂ ಕರೀಬೇಕು."

"ಯಾಕಮ್ಮ, ಮತ್ತೆ ಕೊಳೆ ಸಿಕ್ತಾ?"

ಹನ್ನೆರಡೂ ಜನ ನಕ್ಕರು.

"ಸಿಕ್ತು ಸರ್," ಎಂದೆ. "ಯಾರದು ಅಂತ ಅವರ ಮುಂದೇನೇ ಹೇಳ್ತೀನಿ."