ದಾಳಿಂಬೆ ಗಿಡಕ್ಕೆ ಕೊಟ್ಟ ಮಾತು

ಒಂದೂರಾಗ ಒಬ್ಬ ಬಸುರಿ ಇದ್ದಳಂತ, ಒಣಗಿ ನಿಂತ ದಾಳಿಂಬಿ ಗಿಡಕ್ಕ ಮಾತು ಕೊಟ್ಟಿದ್ದಳಂತ, ಹಡದ ದಿನ ಮೊದಲ ಕೊಡ ನೀರು ನಿನಗ ಅಂತ — ಶಾಂಭವಿ ಆಯಿ ಎಂದೇ ಕರೆಯುವ ಅಜ್ಜಿ ಶಂಕ್ರಮ್ಮ ಕುಷ್ಟಗಿಯ ಕಟ್ಟೆಯ ಮೇಲೆ ಹೇಳುತ್ತಿದ್ದ ಕಥೆ ಈಗ ಗಂಗಾವತಿಯ ಹೆರಿಗೆ ಕೋಣೆಯ ಫ್ಯಾನಿನೊಂದಿಗೆ ಶಾಂಭವಿಯ ತಲೆಯೊಳಗೆ ತಿರುಗುತ್ತಿದೆ, ಕಥೆಯಲ್ಲಿ ಹಡೆದವಳು ಮಾತು ಮರೆತಳು, ಗಿಡ ಬೇರು ಎಳೆಯುತ್ತ ಬಂದು ಬಾಗಿಲು ಬಡಿಯಿತು, ಟಕ್ ಟಕ್, ಆಮೇಲೆ, ಆಮೇಲೇನಾಯಿತು ಆಯಿ — ಅಯ್ಯೋ, ಮತ್ತೆ ಬಂತು ನೋವು, ಸೊಂಟವನ್ನೇ ಹಿಂಡುತ್ತ, ದ್ರಾಕ್ಷಾಯಿಣಿ ಸಿಸ್ಟರ್, ಬಳ್ಳಿ ರಕ್ತ ಹಿಡಿಯೋ ಚೀಲ ಇಟ್ಟೀರಿಲ್ಲರಿ, ಇಟ್ಟೀನವಾ, ಮೊದಲು ನೀ ಹಡಿ, ಕೂಸಿಗಿಂತ ಚೀಲದ ಚಿಂತಿ ಭಾಳ ಆತು ನಿನಗ, ಆಗದೆ ಏನು, ಮಾತು ಕೊಟ್ಟವಳು ತಾನಲ್ಲವೇ, ಕಾರಟಗಿಯ ಪಕ್ಕದ ಮನೆಯ ಜಹೀರಣ್ಣನಿಗೆ, ತಿಂಗಳಿಗೊಮ್ಮೆ ಮಗಳು ಜಾಸ್ಮೀನಳನ್ನು ಕೊಪ್ಪಳಕ್ಕೆ ಒಯ್ದು ರಕ್ತ ಏರಿಸಿಕೊಂಡು ಬರುತ್ತಾನೆ, ಆರು ವರ್ಷದವಳ ಉಗುರು ಅಕ್ಕಿಯಷ್ಟು ಬಿಳಿ, ಹೊಕ್ಕುಳಬಳ್ಳಿ ರಕ್ತ ಹೊಂದಿದ್ರ ಗುಣ ಆಗಬಹುದಂತ ತಂಗಿ, ಆಕಿಗೆ ಹೊಂದೋದನ್ನ ಯಾವ ಊರಾಗ ಯಾರು ಮಣ್ಣಾಗ ಹೂಳಾಕತ್ತಾರೋ ಎಂದಿದ್ದ, ನಂದು ಮಣ್ಣಿಗೆ ಹೋಗಂಗಿಲ್ಲಣ್ಣ ಎಂದಿದ್ದಳು, ಜಾಸ್ಮೀನಳಿಗೇ ಸಿಗುತ್ತದೆಂದಲ್ಲ, ರಕ್ತನಿಧಿಯಿಂದ ಯಾರಿಗೆ ಹೊಂದುತ್ತದೋ ಅವರಿಗೆ — ಆದರೆ ಬಾಗಿಲಾಚೆ ಆಯಿ, ಹೊಸ ಗಡಿಗೆ, ಉಪ್ಪು, ಅರಿಷಿಣ, ಮಾಸು ಹೂಳುವ ಸರಂಜಾಮೆಲ್ಲ ಹೊತ್ತು ಬಂದಿದ್ದಾಳೆ, ಬಳ್ಳಿ ರಗತ ಪರರ ಪಾಲಾದ್ರ ಕೂಸು ಮನ್ಯಾಗ ನಿಲ್ಲಂಗಿಲ್ಲವಾ, ನಿಂದು ನಾನ ಹಿತ್ತಲದಾಗ ಹೂಳಿನಿ, ಅದಕ್ಕ ತಿಂಗಳಿಗೆ ಮೂರು ಸಲ ತವರಿಗೆ ಓಡಿಬರ್ತಿ, ಟಕ್ ಟಕ್, ಮುಕ್ಕವಾ, ಉಸಿರು ಬಿಗಿಹಿಡಿದು ಇನ್ನೊಮ್ಮೆ ಮುಕ್ಕು, ಎಲ್ಲವೂ ಜಾರಿ — ಅಳು, ಹೆಣ್ಣು, ಎದೆಯ ಮೇಲೆ ಬಿಸಿ ಬಿಸಿ ತೂಕ, ಬಳ್ಳಿಗೆ ಕತ್ತರಿ ಬಿತ್ತು, ಪರದೆ ಸರಿಸಿ ಆಯಿ ಒಳಗೆ, ಮುಟ್ಟಬ್ಯಾಡ್ರಿ ಆ ಬಳ್ಳೀನ ಎಂದಳು, ಆಯಿ ಸರೀರಿ, ತಡಾ ಮಾಡಿದ್ರ ಹೆಪ್ಪುಗಟ್ಟತೈತಿ ಎನ್ನುತ್ತ ಸಿಸ್ಟರ್ ಸೂಜಿ ಹಿಡಿದು ಶಾಂಭವಿಯ ಮುಖ ನೋಡುತ್ತಾಳೆ, ಬೇಡವೆಂದರೆ ಎಲ್ಲ ಸರಳ, ಉಗುರು, ಅಕ್ಕಿಯಂಥ ಉಗುರು, ಆಯಿ, ಗಿಡ ಬಾಗಿಲು ಬಡಿಯಾಕತ್ತೈತಿ — ಆಯಿ ಗಡಿಗೆಯನ್ನೇ ನೋಡಿದಳು, ಕೂಸನ್ನು ನೋಡಿದಳು, ಕಥಿ ಕಲಿಸಿದ ತಪ್ಪು ನಂದ ಐತಿ, ರಗತ ಒಯ್ರಿ ಅತ್ತ, ಮಾಸು ಮಾತ್ರ ನನ್ನ ಗಡಗಿಗೆ — ಚುಚ್ಚಿದರು, ಕೊಳವೆಯಲ್ಲಿ ಕೆಂಪು ಇಳಿಯಿತು, ಸಿಸ್ಟರ್ ಕೈಯಲ್ಲಿ ಚೀಲ ತೊಟ್ಟಿಲಂತೆ ತೂಗುತ್ತಿದೆ, ಅತ್ತ ಇತ್ತ, ತುಂಬಿತು, ಬಾಯಿ ಕಟ್ಟಿದರು, ಚೀಟಿ ಅಂಟಿಸಿದರು, ಆತವಾ ನಿನ್ನ ಕೆಲಸ, ಬಾಗಿಲ ಬಡಿತ ನಿಂತಿದೆ, ಕೆಂಪಗೆ, ಅಂಗೈಯಷ್ಟು, ಬಿಸಿ ಆರದ ಒಂದು ದಾಳಿಂಬೆ.