ಕೈಪಟ್ಟಿಯ ಬಗ್ಗೆ ಒಂದು ಸರಿಯಾದ ವಾಕ್ಯ

ನಮ್ಮ ಲಾಂಡ್ರಿಯಲ್ಲಿ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಬರೆದರೆ ಮಾತ್ರ ಹೇಳಿದಂತೆ, ಅದೂ ಇಂಗ್ಲಿಷಿನಲ್ಲಿ. ಮೆಷೀನು ಕೆಟ್ಟರೆ ಫಿಟ್ಟರ್ ಅದನ್ನು ಲಾಗ್ ಬುಕ್ಕಿನಲ್ಲಿ ಬರೆಯಬೇಕು, ಮ್ಯಾನೇಜರು ಓದಿ ಸಹಿ ಹಾಕಬೇಕು, ಆಮೇಲೆ ಮೆಷೀನು ನಿಲ್ಲಬೇಕು, ಅದಾದ ಮೇಲೆ ಫಿಟ್ಟರ್ ಸ್ಕ್ರೂಡ್ರೈವರ್ ಮುಟ್ಟಬೇಕು. ಇದರಲ್ಲಿ ಹಿಂದುಮುಂದಾದರೆ ಕೆಲಸ ಹೋಗುತ್ತದೆ. ಆ ಫಿಟ್ಟರ್ ನಾನೇ.

ಹೊಸ ಮ್ಯಾನೇಜರು ಬಂದ ಮೇಲೆ ಇನ್ನೊಂದು ಪದ್ಧತಿ ಸೇರಿಕೊಂಡಿತು. ಲಾಗ್ ಬುಕ್ ಎಂದು ಹೆಸರಿದ್ದರೂ ಅದು ಬಿಡಿ ಹಾಳೆಗಳ ಫೈಲು. ಯಾರಾದರೂ ಇಂಗ್ಲಿಷ್ ತಪ್ಪಾಗಿ ಬರೆದರೆ ಮ್ಯಾನೇಜರು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಆ ಹಾಳೆಯನ್ನೇ ಫೈಲಿನಿಂದ ತೆಗೆದು ಕ್ಯಾಂಟೀನಿನ ನೋಟಿಸ್ ಬೋರ್ಡಿಗೆ ಚುಚ್ಚುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ನಮ್ಮನ್ನು ಉದ್ಧಾರ ಮಾಡುವ ಆಸೆ ಇತ್ತು, ಅಷ್ಟೇ. ಅದರಿಂದ ಆದ ಉದ್ಧಾರವೆಂದರೆ ಎಲ್ಲರೂ ಹೊಸದಾಗಿ ಏನನ್ನಾದರೂ ಬರೆಯುವುದನ್ನೇ ಬಿಟ್ಟರು. ಎಲ್ಲವೂ ಸರಿಯಾಗಿದೆ ಎಂಬರ್ಥದ ಒಂದು ಇಂಗ್ಲಿಷ್ ವಾಕ್ಯವನ್ನು ಯಾವನೋ ಪುಣ್ಯಾತ್ಮ ತಪ್ಪಿಲ್ಲದೆ ಬರೆದಿಟ್ಟಿದ್ದ. ಎಂಟು ತಿಂಗಳು ನಾವೆಲ್ಲ ಅದನ್ನೇ ಇಳಿಸಿಕೊಂಡೆವು. ಬಾಯ್ಲರ್ ಕೋಣೆಯಲ್ಲಿ ಮೊಣಕಾಲುದ್ದ ನೀರು ನಿಂತ ದಿನವೂ ಫೈಲಿನಲ್ಲಿ ಎಲ್ಲವೂ ಸರಿಯಾಗಿದೆ.

ಆ ಬೋರ್ಡಿಗೆ ಮೊದಲು ಏರಿದವನೂ ನಾನೇ. ಈ ಮೆಷೀನುಗಳನ್ನು ಆರು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ ಎಂದು ಬರೆಯಲು ಹೋಗಿ ‘ಅಂಡರ್’ ಎಂಬ ಪದ ಹಾಕಿದ್ದೆ. ಮ್ಯಾನೇಜರು ಎಲ್ಲರೆದುರಿಗೆ ಓದಿ ಕೇಳಿದರು:

“ಆರು ವರ್ಷ ಮೆಷೀನಿನ ಕೆಳಗೇ ಇದ್ರಾ? ಊಟಕ್ಕಾದ್ರೂ ಹೊರಗೆ ಬರ್ತಿದ್ರಾ ಇಲ್ವಾ?”

ಅಂದಿನಿಂದ ನನ್ನ ಹೆಸರು ಅಂಡರ್. ಬಟ್ಟೆ ವಿಂಗಡಿಸುವವರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ನಾನು ಅಂಡರ್. ನಗದೆ ಇದ್ದವಳು ಅಕ್ಕ ಒಬ್ಬಳೇ.

ಅಕ್ಕ ಎಂದರೆ ನನ್ನ ಒಡಹುಟ್ಟಿದ ಅಕ್ಕ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ಶಾಲೆ ಬಿಟ್ಟು ನನ್ನನ್ನು ಸಾಕಿದವಳು. ಅದೇ ಲಾಂಡ್ರಿಯಲ್ಲಿ ದೊಡ್ಡ ಇಸ್ತ್ರಿ ರೋಲರಿಗೆ ಬೆಡ್‌ಶೀಟು ಒಡ್ಡುವ ಕೆಲಸ ಅವಳದು. ಅವತ್ತು ಕ್ಯಾಂಟೀನಿನಲ್ಲಿ ಲೋಟ ಕುಕ್ಕಿ, “ಇವನ ಇಂಗ್ಲಿಷಿಗೆ ಹಲ್ಲು ಕಿರಿಯೋರು ನಿಮ್ಮ ನಿಮ್ಮ ಮೆಷೀನು ನೀವೇ ರಿಪೇರಿ ಮಾಡ್ಕೊಳ್ಳಿ,” ಎಂದಳು. ನಗು ನಿಂತಿತು. ಸಂಜೆ ನನ್ನ ಕೈ ಹಿಡಿದು ದರದರ ಎಳೆದುಕೊಂಡು ಹೋಗಿ, ದರ್ಜಿ ಅಂಗಡಿಯ ಮಹಡಿಯಲ್ಲಿ ನಡೆಯುವ ಇಂಗ್ಲಿಷ್ ತರಗತಿಗೆ ಸೇರಿಸಿದಳು. ನನಗೆ ಆಗ ಮೂವತ್ತನಾಲ್ಕು ವರ್ಷ.

“ಒಂದು ದಿನ ಆ ಬೋರ್ಡಲ್ಲಿ ನಿನ್ನ ಸರಿಯಾದ ವಾಕ್ಯ ಇರ್ಬೇಕು,” ಎಂದಳು. “ನಂಗೆ ಓದೋಕೆ ಬರಲ್ಲ. ಆದ್ರೂ ನೋಡ್ತೀನಿ.”

ತರಗತಿಯಲ್ಲಿ ಉಳಿದೆಲ್ಲ ಹೇಗೋ ತಲೆಗೆ ಹತ್ತಿತು. ಇನ್, ಆನ್, ಅಟ್ ಮಾತ್ರ ಹತ್ತಲಿಲ್ಲ. ನಮ್ಮ ಮಾತಿನಲ್ಲಿ ಪದದ ಬಾಲಕ್ಕೆ ಒಂದು ‘ಅಲ್ಲಿ’ ಅಂಟಿಸಿದರೆ ಕೆಲಸ ಮುಗಿಯಿತು. ಮನೆಯಲ್ಲಿ, ಗೋಡೆಯಲ್ಲಿ, ಬಾಗಿಲಲ್ಲಿ. ಇಂಗ್ಲಿಷಿನವರಿಗೆ ಅಷ್ಟು ಸಾಲದು. ಒಳಗೋ, ಮೇಲೋ, ಹತ್ತಿರವೋ ಎಂದು ಮೊದಲೇ ಇತ್ಯರ್ಥವಾಗಬೇಕು. ಹಾಗಾದರೆ ಬಸ್ಸಿನೊಳಗೆ ಕೂತವನು ‘ಆನ್’ ಹೇಗಾದ ಎಂದು ಮೇಡಂ ಅವರನ್ನು ಕೇಳಿದೆ. “ಅದು ಹಾಗೇ,” ಎಂದರು. ಈ ಉತ್ತರವನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.

ಇನ್ನು ಕೈಪಟ್ಟಿಯ ವಿಷಯ. ದೊಡ್ಡ ರೋಲರಿನ ಮುಂದೆ ಅಡ್ಡಕ್ಕೆ ಒಂದು ಕಬ್ಬಿಣದ ಪಟ್ಟಿ ಇರುತ್ತದೆ. ಬೆಡ್‌ಶೀಟಿನ ಜೊತೆಗೆ ಬೆರಳೂ ಒಳಗೆ ಹೊರಟರೆ ಮೊದಲು ಆ ಪಟ್ಟಿಗೆ ತಾಗಬೇಕು. ತಾಗಿದ ತಕ್ಷಣ ರೋಲರು ನಿಲ್ಲಬೇಕು. ಪಟ್ಟಿ ಇರುವುದೇ ಅದಕ್ಕೆ. ಅದರಾಚೆ ಸುಡುವ ಉಕ್ಕು.

ಒಂದು ಮಂಗಳವಾರ ಬೆಳಿಗ್ಗೆ, ಕೆಲಸ ಶುರುವಾಗುವ ಮುಂಚೆ, ಎಂದಿನಂತೆ ಮರದ ತುಂಡಿನಿಂದ ಪಟ್ಟಿಯನ್ನು ತಳ್ಳಿ ನೋಡಿದೆ. ರೋಲರು ನಿಲ್ಲಲಿಲ್ಲ. ಮತ್ತೆ ತಳ್ಳಿದೆ. ನಿಂತಿತು. ಮೂರನೆಯ ಸಲ ನಿಲ್ಲಲಿಲ್ಲ. ಒಳಗಿನ ಸ್ವಿಚ್ಚು ಸವೆದಿದೆ ಎಂದು ಗೊತ್ತಾಯಿತು. ಅಂಥದ್ದೇ ಹೊಸ ಸ್ವಿಚ್ಚು ನನ್ನ ಪೆಟ್ಟಿಗೆಯಲ್ಲಿತ್ತು. ಆದರೆ ಮೊದಲು ಬರೆಯಬೇಕು.

ಫೈಲು ತೆಗೆದೆ. ದೊಡ್ಡ ರೋಲರಿನ ಕೈಪಟ್ಟಿ ತಾಗಿದರೂ ಮೆಷೀನು ನಿಲ್ಲುತ್ತಿಲ್ಲ. ಇಷ್ಟನ್ನು ಬರೆದರೆ ಆಯಿತು. ‘ದಿ ಗಾರ್ಡ್ ಬಾರ್’ ಎಂದು ತುಟಿಯಲ್ಲೇ ಅಂದುಕೊಂಡೆ, ಪೆನ್ನು ನಿಂತಿತು. ಪಟ್ಟಿ ರೋಲರಿನ ‘ಇನ್’ ಇದೆಯೋ, ‘ಆನ್’ ಇದೆಯೋ, ‘ಅಟ್’ ಇದೆಯೋ? ತಪ್ಪಾದರೆ ಮತ್ತೆ ಬೋರ್ಡು. ಅಂಡರ್ ಎಂಬ ಹೆಸರಿನ ಪಕ್ಕ ಇನ್ನೊಂದು ಹೆಸರು. ಅಕ್ಕ ಮತ್ತೆ ಲೋಟ ಕುಕ್ಕಬೇಕು.

ಅಕ್ಕ ಬಂದು ತಲೆಗೆ ಬಟ್ಟೆ ಕಟ್ಟಿಕೊಂಡು ರೋಲರಿನ ಮುಂದೆ ನಿಂತಳು. “ಏನೋ, ಬೆಳಿಗ್ಗೆ ಬೆಳಿಗ್ಗೆ ಹರಳೆಣ್ಣೆ ಕುಡಿದ ಮುಖ?” ಎಂದು ಕೇಳಿದಳು. “ಏನಿಲ್ಲ, ಒಂದು ವಾಕ್ಯ ಯೋಚಿಸ್ತಾ ಇದ್ದೀನಿ,” ಎಂದೆ. ಅವಳಿಗೆ ಖುಷಿಯಾಯಿತು. ಸ್ವಿಚ್ಚು ಒತ್ತಿ ರೋಲರು ಶುರು ಮಾಡಿದಳು.

ಮೊದಲು ವ್ಯಾನ್ ಡ್ರೈವರನನ್ನು ಕೇಳಿದೆ. ಹೋಟೆಲುಗಳ ಹಿಂಬಾಗಿಲಲ್ಲಿ ನಿಂತು ನಿಂತು ಇಂಗ್ಲಿಷ್ ಕಲಿತವನು. ವಾಕ್ಯವನ್ನು ಪೂರ್ತಿ ಕೇಳಿ, ಕಣ್ಣು ಮುಚ್ಚಿ, “ಇನ್,” ಎಂದ. “ಪಟ್ಟಿ ಮೆಷೀನಿಗೆ ಸೇರಿದ್ದಲ್ವಾ? ಹಾಗಾದ್ರೆ ಇನ್. ಕಣ್ಣು ಮುಚ್ಕೊಂಡು ಬರಿ.”

ಅವನು ಎಲ್ಲವನ್ನೂ ಕಣ್ಣು ಮುಚ್ಚಿಕೊಂಡೇ ಹೇಳುವವನಾದ್ದರಿಂದ ನಂಬಿಕೆ ಬರಲಿಲ್ಲ. ಆಫೀಸಿನ ಗುಮಾಸ್ತರ ಬಳಿ ಹೋದೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿಸಿಕೊಂಡರು.

“ಇನ್ ಹಾಕಿದ್ರೆ ಮರ್ಯಾದೆ ಹೋಗುತ್ತಪ್ಪಾ. ಆಫ್ ಹಾಕು. ಆಫೀಸು ಕಾಗದಕ್ಕೆ ಆಫ್ ಹಾಕಿದ್ರೆ ಒಂದು ಗಾಂಭೀರ್ಯ.”

“ಮೆಷೀನು ನಿಲ್ಲುತ್ತಿಲ್ಲ ಅನ್ನೋದು ಸರಿಯಾಗಿದೆಯಾ ಸಾರ್?”

“ಅದು ಚೆನ್ನಾಗಿದೆ. ಅದರಲ್ಲಿ ಕೈ ಹಾಕೋ ಹಾಗಿಲ್ಲ.”

ಇಬ್ಬರು ಇಬ್ಬಗೆಯಾಗಿ ಹೇಳಿದ ಮೇಲೆ ನಾನು ಬರೆಯುವುದು ಹೇಗೆ? ಸಂಜೆ ಮೇಡಂ ಅವರನ್ನೇ ಕೇಳಿಬಿಡೋಣ, ಒಂದು ದಿನದ ಮಾತು ತಾನೇ ಎಂದು ಫೈಲಿನಲ್ಲಿ ಎಲ್ಲವೂ ಸರಿಯಾಗಿದೆ ಎಂದು ಇಳಿಸಿ ಸಹಿ ಮಾಡಿದೆ. ಹೌದು, ಮಾಡಿದೆ. ಈ ಕೈಯಿಂದಲೇ.

ಮೇಡಂ ಹಿಂದೆ ಎಲ್ಲೋ ದೊಡ್ಡ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು. ತಪ್ಪು ಇಂಗ್ಲಿಷ್ ಕೇಳಿದರೆ ಅವರಿಗೆ ಹಲ್ಲುನೋವು ಬಂದ ಹಾಗೆ ಮುಖವಾಗುತ್ತದೆ. ನನ್ನ ವಾಕ್ಯಕ್ಕೆ ಮಾತ್ರ ಮುಖ ಅರಳಿತು. “ಆನ್,” ಎಂದರು. “ಮೇಲ್ಮೈಗೆ ಜೋಡಿಸಿದ್ದು ಆನ್. ಗೋಡೆ ಮೇಲಿನ ಗಡಿಯಾರದ ಹಾಗೆ. ಎಲ್ಲರೂ ಕೇಳಿಸಿಕೊಳ್ಳಿ, ಇದು ಒಳ್ಳೆ ಉದಾಹರಣೆ.” ಹಲಗೆಯ ಮೇಲೆ ಬರೆದರು. ‘ಆನ್’ ಕೆಳಗೆ ಗೆರೆ ಎಳೆದರು. ಆಮೇಲೆ ಎಲ್ಲರಿಂದ ಮೂರು ಸಲ ಹೇಳಿಸಿದರು. ಕೈ ತಾಗಿದರೂ ನನ್ನ ಅಕ್ಕನ ಮೆಷೀನು ನಿಲ್ಲುವುದಿಲ್ಲ ಎಂದು ಹನ್ನೊಂದು ಜನ ಒಕ್ಕೊರಲಿನಿಂದ ಮೂರು ಸಲ ಹೇಳಿದೆವು. ಉಚ್ಚಾರಣೆ ಚೆನ್ನಾಗಿತ್ತು. ನಾನೇ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದೆ.

ಮನೆಗೆ ಬಂದಾಗ ಅಕ್ಕ ಊಟಕ್ಕೆ ಬಡಿಸಿ, “ವಾಕ್ಯ ಸಿಕ್ತಾ?” ಎಂದಳು.

“ಸಿಕ್ತು.”

“ಏನದು?”

“ನಾಳೆ ಬೋರ್ಡಲ್ಲಿ ನೋಡು,” ಎಂದೆ. ಜಂಬ. ಬೇರೇನೂ ಅಲ್ಲ, ಬರೀ ಜಂಬ.

ಬುಧವಾರ ಬೆಳಿಗ್ಗೆ ದುಂಡಗಿನ ಅಕ್ಷರಗಳಲ್ಲಿ ವಾಕ್ಯವನ್ನು ಬರೆದೆ. ಫೈಲನ್ನು ಮ್ಯಾನೇಜರ ಮೇಜಿನ ಮೇಲಿಟ್ಟು ನಿಂತೆ. ಅವರು ಕೆಂಪು ಪೆನ್ನಿನ ಮುಚ್ಚಳ ತೆಗೆದು ಓದಲು ಶುರು ಮಾಡಿದರು. ಪೆನ್ನು ಗಾಳಿಯಲ್ಲೇ ಸಾಲಿನ ಕೊನೆಯವರೆಗೆ ಹೋಗಿ, ವಾಪಸು ಬಂದು, ಮತ್ತೆ ಹೋಯಿತು. ಎಲ್ಲೂ ಇಳಿಯಲಿಲ್ಲ. ನನ್ನ ಕಡೆ ನೋಡಿದರು.

“ನೀವೇ ಬರೆದದ್ದಾ?”

“ಹೌದು ಸಾರ್.”

“ಆನ್ ಅಂತ ಹೇಗೆ ಗೊತ್ತಾಯ್ತು?”

“ಗೋಡೆ ಮೇಲಿನ ಗಡಿಯಾರದ ಹಾಗೆ ಸಾರ್.”

ಎದ್ದು ನಿಂತು ನನ್ನ ಕೈ ಕುಲುಕಿದರು. ಅವರ ಕಣ್ಣು ತೇವವಾಗಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ. ಎಂಟು ತಿಂಗಳ ಬಳಿಕ ಒಬ್ಬ ಸ್ವಂತ ವಾಕ್ಯ ಬರೆದಿದ್ದ, ಅದರಲ್ಲಿ ತಪ್ಪಿರಲಿಲ್ಲ. ಹಾಳೆಯ ಮೂಲೆಯಲ್ಲಿ ‘ವೆರಿ ಗುಡ್’ ಎಂದು ಬರೆದರು. ಹಾಳೆಯನ್ನು ಫೈಲಿನಿಂದ ತೆಗೆದರು. ತಾವೇ ಕ್ಯಾಂಟೀನಿಗೆ ನಡೆದುಹೋಗಿ, ಹಳೆಯ ತಪ್ಪುಗಳನ್ನೆಲ್ಲ ಕಿತ್ತುಹಾಕಿ, ಬೋರ್ಡಿನ ನಟ್ಟನಡುವೆ ನಾಲ್ಕು ಮೂಲೆಗೂ ಪಿನ್ನು ಚುಚ್ಚಿದರು. ಸಹಿ ಹಾಕುವ ಜಾಗದಲ್ಲಿ ಸಹಿ ಹಾಕಲಿಲ್ಲ. ನನಗೂ ಅದರ ನೆನಪು ಬರಲಿಲ್ಲ.

ಚಹಾ ಹೊತ್ತಿಗೆ ಎಲ್ಲರೂ ಬಂದು ನೋಡಿದರು. ಗುಮಾಸ್ತರು ‘ಆಫ್’ ಇಲ್ಲದ್ದಕ್ಕೆ ಸ್ವಲ್ಪ ಮುನಿಸಿಕೊಂಡರು. ಅಕ್ಕ ಬಂದಳು. ಕೈ ಸೆರಗಿಗೆ ಒರೆಸಿಕೊಂಡು ಹಾಳೆಯ ಹತ್ತಿರ ಮುಖ ಒಯ್ದು, ಅಕ್ಷರಗಳನ್ನು ಒಂದೊಂದಾಗಿ ನೋಡಿದಳು. ಕೆಂಪು ಶಾಯಿ ನೋಡಿ ಹೆದರಿದಳು. “ಅದು ಹೊಗಳಿಕೆ ಅಕ್ಕಾ,” ಎಂದೆ. ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು, ಕಣ್ಣೊರೆಸಿಕೊಂಡು ಕೆಲಸಕ್ಕೆ ಹೋದಳು.

ಮಧ್ಯಾಹ್ನ ಯಾರೂ ಇಲ್ಲದಾಗ ನಾನು ಇನ್ನೊಮ್ಮೆ ಬೋರ್ಡಿನ ಮುಂದೆ ನಿಂತಿದ್ದೆ. ಓದಿ ಮುಗಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದ್ದೆ. ‘ಆನ್’ ವರೆಗೆ ಬಂದಿದ್ದೆ. ಆಗ ಅಕ್ಕನ ಕೂಗು ಕೇಳಿಸಿತು.

ಅದನ್ನು ವರ್ಣಿಸುವುದಿಲ್ಲ. ಅವಳ ಎದುರು ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿಯುತ್ತಿದ್ದವಳು ಓಡಿಹೋಗಿ ಮುಖ್ಯ ಸ್ವಿಚ್ಚು ಇಳಿಸಿದ್ದರಿಂದ ಕೈ ಉಳಿಯಿತು. ಬಲಗೈಯ ಎರಡು ಬೆರಳು ರೋಲರಿನ ಅಡಿಗೆ ಹೋಗಿದ್ದವು. ಬೆರಳುಗಳೂ ಉಳಿದವು, ಆದರೆ ಮಡಚಲು ಬರುವುದಿಲ್ಲ.

ಅಪಘಾತದ ಫಾರಂ ತುಂಬಬೇಕಾಗಿತ್ತು, ಇಂಗ್ಲಿಷಿನಲ್ಲಿ. ಎಲ್ಲಿ, ಯಾವಾಗ, ಯಾವುದರಿಂದ, ಯಾರಿಗೆ. ಎರಡು ಪುಟವನ್ನು ಐದು ನಿಮಿಷದಲ್ಲಿ ತುಂಬಿದೆ. ಇನ್, ಆನ್, ಅಟ್ ಎಲ್ಲ ಕೈಗೆ ಬಂದಂತೆ ಬಿದ್ದವು. ಮ್ಯಾನೇಜರು ಕೆಂಪು ಪೆನ್ನು ಮುಟ್ಟಲಿಲ್ಲ. ನನ್ನ ಮುಖ ನೋಡದೆ ಸಹಿ ಹಾಕಿದರು. ಆಮೇಲೆ ನಾನು ಹೊಸ ಸ್ವಿಚ್ಚು ಹಾಕಿದೆ. ಇಪ್ಪತ್ತು ನಿಮಿಷದ ಕೆಲಸ.

ಏಳು ವಾರದ ಮೇಲೆ ಅಕ್ಕ ವಾಪಸು ಬಂದಳು, ಮಡಿಸಿದ ಬಟ್ಟೆಗಳಿಗೆ ಚೀಟಿ ಹಚ್ಚುವ ಮೇಜಿಗೆ. ಅಷ್ಟು ದಿನ ಮನೆಯಲ್ಲಿ ನಾನು ಅವಳಿಗೆ ತುತ್ತು ಕಲಸಿ ಕೊಟ್ಟೆ, ತಲೆ ಬಾಚಿದೆ, ಬ್ಯಾಂಡೇಜು ಬದಲಾಯಿಸಿದೆ. ಮೆಷೀನು ಅಂದ ಮೇಲೆ ಕೈಕೊಡುತ್ತೆ, ಯಾರ ತಪ್ಪೂ ಅಲ್ಲ ಎಂದು ಅವಳೇ ನನಗೆ ಸಮಾಧಾನ ಹೇಳುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ. ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಒಂದೇ ಒಂದು ಪದ ಹೊರಡಲಿಲ್ಲ, ಯಾವ ಭಾಷೆಯದ್ದೂ.

ಅವಳು ಬಂದ ಮೊದಲ ದಿನ ಚಹಾಕ್ಕೆ ಹೋದಾಗ ಹಾಳೆ ಇನ್ನೂ ಬೋರ್ಡಿನಲ್ಲೇ ಇತ್ತು. ತೆಗೆಯಲು ಯಾರಿಗೂ ಕೈ ಬಂದಿರಲಿಲ್ಲ. ಅಕ್ಕ ಎಡಗೈಯಲ್ಲಿ ಲೋಟ ಹಿಡಿದು ಅದರ ಮುಂದೆ ನಿಂತಳು.

“ಅವತ್ತು ನೋಡಿದ್ದಷ್ಟೇ. ಏನು ಬರ್ದಿದ್ದೀಯಾ ಅಂತ ಹೇಳ್ಲೇ ಇಲ್ವಲ್ಲೋ. ನಮ್ಮ ಮಾತಲ್ಲಿ ಓದು.”

ಕ್ಯಾಂಟೀನಿನಲ್ಲಿ ಡ್ರೈವರ್ ಇದ್ದ, ಗುಮಾಸ್ತರಿದ್ದರು. ಇಬ್ಬರೂ ತಮ್ಮ ಲೋಟದೊಳಗೆ ನೋಡತೊಡಗಿದರು. ನಾನು ಸುಳ್ಳು ಹೇಳಬಹುದಿತ್ತು. ಅವಳಿಗೆ ಓದಲು ಬರುವುದಿಲ್ಲ.

“ದೊಡ್ಡ ರೋಲರಿನ ಕೈಪಟ್ಟಿ ತಾಗಿದರೂ ಮೆಷೀನು ನಿಲ್ಲುತ್ತಿಲ್ಲ,” ಎಂದು ಓದಿದೆ.

ಅಕ್ಕ ಹಾಳೆಯನ್ನೇ ನೋಡುತ್ತಿದ್ದಳು. “ಇದು ಯಾವತ್ತು ಗೊತ್ತಾಯ್ತು?” ಎಂದು ಕೇಳಿದಳು.

“ಹಿಂದಿನ ದಿನ ಬೆಳಿಗ್ಗೆ.”

“ಯಾರ್ ಯಾರಿಗೆ ಹೇಳಿದ್ದೆ?”

ಹೇಳಿದೆ. ಡ್ರೈವರಿಗೆ, ಗುಮಾಸ್ತರಿಗೆ, ಮೇಡಂ ಅವರಿಗೆ, ತರಗತಿಯ ಹತ್ತು ಜನಕ್ಕೆ, ಮರುದಿನ ಮ್ಯಾನೇಜರಿಗೆ. ಅವಳು ಪ್ರತಿಯೊಬ್ಬರಿಗೂ ಒಮ್ಮೊಮ್ಮೆ ತಲೆಯಾಡಿಸಿದಳು. ಲೋಟವನ್ನು ಕುಕ್ಕಲಿಲ್ಲ, ಮೆಲ್ಲಗೆ ಮೇಜಿನ ಮೇಲಿಟ್ಟಳು.

“ಊರಿಗೆಲ್ಲ ಹೇಳಿದ್ದೀಯಾ,” ಎಂದಳು. “ನಂಗೊಬ್ಬಳಿಗೆ ಹೇಳೋಕೆ ಯಾವ ಇಂಗ್ಲಿಷ್ ಬೇಕಿತ್ತೋ?”